ಮಳೆಪುಸ್ತಕ ಬಿಟ್ಟು ಎಂಟು ದಿನ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಶ್ರೀಲಂಕಾ ಪ್ರವಾಸದ ಬಗ್ಗೆ ಒಂದು ಪುಟ ಬಂದಿತ್ತು. ಗಂಡ ಹೆಂಡತಿ ಇಬ್ಬರೇ ಹೋಗಿಬರಲು ಹೇಳಿಮಾಡಿಸಿದ ದೇಶ ಎಂದು ಬರೆದಿದ್ದಿರಿ. ಚೆನ್ನಾಗಿತ್ತು. ಕತ್ತರಿಸಿ ಫ್ರಿಜ್‌ಗೆ ಅಂಟಿಸಿದ್ದೇನೆ. ಆದರೆ ಕೊನೆಯಲ್ಲಿ ‘ಹೋಗಲು ಒಳ್ಳೆಯ ಕಾಲ ಡಿಸೆಂಬರ್‌ನಿಂದ ಮಾರ್ಚ್’ ಎಂದು ಹಾಕಿದ್ದಿರಲ್ಲ, ಅದನ್ನು ಓದಿ ನಮ್ಮ ಯಜಮಾನರು ಪೇಪರ್ ಮಡಚಿ ಎದ್ದು ಹೋದರು.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಆರು ಎಕರೆ ಕಾಫಿ ತೋಟ, ಜಾಸ್ತಿ ರೋಬಸ್ಟಾ ಜಾತಿ. ಒಂದು ಹಸು, ಎರಡು ನಾಯಿ. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿ ಬಿದ್ದ ಎರಡು ಕೋಣೆಯಲ್ಲಿ ಹೋಂಸ್ಟೇ ನಡೆಸುತ್ತೇವೆ. ನಿಮ್ಮ ಆ ಒಳ್ಳೆಯ ಕಾಲದಲ್ಲಿ ನಮ್ಮ ಮನೆಯಲ್ಲಿ ಏನಾಗುತ್ತದೆ ಗೊತ್ತಾ? ಡಿಸೆಂಬರ್‌ನಲ್ಲಿ ಇರುವ ಚೂರು ಅರೇಬಿಕಾ ಕೊಯ್ಯಬೇಕು. ಜನವರಿ ಬಂದರೆ ರೋಬಸ್ಟಾ. ಕೆಲಸದವರು ಸಿಕ್ಕಿದ ದಿನವೇ ಕೊಯ್ಲು, ನಮ್ಮ ಅನುಕೂಲ ಯಾರೂ ಕೇಳುವುದಿಲ್ಲ. ಕಣದಲ್ಲಿ ಹರಡಿದ ಕಾಫಿಯನ್ನು ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ರಾತ್ರಿ ನಾಯಿ ಬೊಗಳಿದರೆ ಆನೆಯೋ ಕಳ್ಳನೋ ಎಂದು ಟಾರ್ಚ್ ಹಿಡಿದು ಏಳಬೇಕು. ಫೆಬ್ರವರಿ ಮುಗಿಯುತ್ತಾ ಬಂದರೂ ಕಾಫಿ ಹೂ ಅರಳಿಸುವ ಹೂಮಳೆ ಬೀಳದಿದ್ದರೆ ಸ್ಪ್ರಿಂಕ್ಲರ್ ಪೈಪು ಹೊರುವ ಕೆಲಸ. ನೀರು ಬಿದ್ದ ಏಳೆಂಟು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅವತ್ತು ಇವರು ಬೇಗ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು, ತೋಟದಲ್ಲಿ ಸುಮ್ನೆ ಒಂದು ಸುತ್ತು ಹೋಗಿಬರುತ್ತಾರೆ. ಮದುವೆಮನೆಗೆ ಹೋದ ಹಾಗೆ. ಆಮೇಲೆ ಏಣಿ ಇಟ್ಟು ಕರಿಮೆಣಸು ಕೊಯ್ಯುವುದು. ಇಷ್ಟರ ನಡುವೆ ವಾರ ವಾರ ಅತಿಥಿಗಳು. ಜಗಲಿಯಲ್ಲಿ ಕೂತು ಎಲ್ಲರೂ ಹೇಳುವುದು ಒಂದೇ ಮಾತು, “ನಿಮಗೇನು ಆಂಟಿ, ದಿನಾ ಟ್ರಿಪ್ಪೇ.” ನಾನು ಇನ್ನೆರಡು ಕಡಂಬುಟ್ಟು, ಅಂದರೆ ಅಕ್ಕಿತರಿಯ ಕಡುಬು, ಬಡಿಸುತ್ತೇನೆ. ನಾವಿಬ್ಬರೂ ಒಟ್ಟಿಗೆ ಮನೆ ಬಿಟ್ಟು ಎರಡು ರಾತ್ರಿ ಹೊರಗೆ ಮಲಗಿದ್ದು ಮಗಳ ಮದುವೆಗೆ, 2016ರಲ್ಲಿ.

ಶ್ರೀಲಂಕಾ ಆಸೆ ನಮಗೆ ನಿಮ್ಮ ಪುಟ ನೋಡಿ ಹುಟ್ಟಿದ್ದಲ್ಲ. ನಮ್ಮ ಮಾವ ಅದನ್ನು ಕೊನೆಯವರೆಗೂ ಸಿಲೋನ್ ಎಂದೇ ಹೇಳುತ್ತಿದ್ದರು. ಒಂದು ಕಾಲದಲ್ಲಿ ಆ ಗುಡ್ಡಗಳ ತುಂಬ ಕಾಫಿಯೇ ಇತ್ತಂತೆ. 1869ರಲ್ಲಿ ಎಲೆಗೆ ತುಕ್ಕು ರೋಗ ಬಂತು. ನಮ್ಮ ಅರೇಬಿಕಾ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಮೆತ್ತಿದ ಹಾಗೆ ಕಾಣುತ್ತದಲ್ಲ, ಬೋರ್ಡೋ ಔಷಧಿ ಹೊಡೆಯುತ್ತೇವಲ್ಲ, ಅದೇ ರೋಗ. ಅಲ್ಲಿ ಕಾಫಿ ಹೋಗಿ ಟೀ ಬಂತು. ನಮ್ಮ ಯಜಮಾನರಿಗೆ ಆ ಜಾಗ ಒಮ್ಮೆ ನೋಡಬೇಕು. ಕಾಫಿ ಬೆಳೆಯುವವರು ಕಾಫಿ ಸತ್ತ ಊರು ನೋಡಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನೋಡಲಿ.

ನನಗೆ ಬೇಕಾದದ್ದು ರೈಲು. ನಮ್ಮ ಜಿಲ್ಲೆಯಲ್ಲಿ ಇಲ್ಲದ್ದು ಅದೊಂದೇ. ರೈಲು ಹತ್ತಲು ಮೈಸೂರಿಗೆ ಹೋಗಬೇಕು. ಶ್ರೀಲಂಕಾದಲ್ಲಿ ಕೊಲಂಬೊದಿಂದ ಕ್ಯಾಂಡಿಗೆ 1867ರಲ್ಲೇ ರೈಲು ಓಡಿದೆ, ಅದೂ ಗುಡ್ಡದ ಕಾಫಿಯನ್ನು ಬಂದರಿಗೆ ಇಳಿಸುವುದಕ್ಕೆ. ಅವರಿಗೆ ಕಾಫಿ ಹೋಯಿತು, ರೈಲು ಉಳಿಯಿತು. ನಮಗೆ ಕಾಫಿ ಉಳಿಯಿತು, ರೈಲು ಬರಲೇ ಇಲ್ಲ. (ಬರಲಿ ಎಂದು ಈ ಪತ್ರ ಬರೆಯುತ್ತಿಲ್ಲ. ಕಡಿದ ಮರ ಸಾಕು.) ಆ ಹಳಿ ಆಮೇಲೆ ಗುಡ್ಡ ಹತ್ತಿ ಬದುಳ್ಳ ಎಂಬ ಊರಿನವರೆಗೆ ಹೋಯಿತು. ಆ ದಾರಿಯಲ್ಲಿ ಪಟ್ಟಿಪೊಲ ಎಂಬ ನಿಲ್ದಾಣ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ನಮ್ಮ ತಡಿಯಂಡಮೋಳ್ 1,748 ಮೀಟರ್. ಅಂದರೆ ಕೊಡಗಿನ ತುತ್ತತುದಿಗಿಂತ ಮೇಲೆ, ಮಂಡಿ ನೋವಿಲ್ಲದೆ, ಸೀಟಿನಲ್ಲಿ ಕೂತು ಹೋಗಬಹುದು. ಊಟದ ಚಿಂತೆ ಇವರಿಗಿತ್ತು. ಅಲ್ಲಿ ಬೆಳಿಗ್ಗೆಗೆ ಸಿಗುವ ಇಂದಿಯಪ್ಪ ನಮ್ಮ ನೂಪುಟ್ಟೇ (ಒತ್ತುಶ್ಯಾವಿಗೆ) ಎಂದು ಗೊತ್ತಾದ ಮೇಲೆ ಸುಮ್ಮನಾದರು.

ಸರಿ, ಯಾವಾಗ ಹೋಗುವುದು? ಇದನ್ನು ಕಂಡುಹಿಡಿದದ್ದು ಇವರೇ. ರಾತ್ರಿ ಮೊಬೈಲಿನಲ್ಲಿ ಮೋಡದ ಚಿತ್ರ ನೋಡುವ ಚಟ ಇವರಿಗೆ. ಜೂನ್‌ನಿಂದ ನಮಗೆ ಮಳೆ ತರುವ ಗಾಳಿಯೇ ಶ್ರೀಲಂಕಾದ ಪಶ್ಚಿಮಕ್ಕೂ ಮಳೆ ಸುರಿಸುತ್ತದೆ. ನಡುವಿನ ಬೆಟ್ಟ ದಾಟಿದರೆ ಆಚೆ ಒಣ. ಭಾಗಮಂಡಲದಲ್ಲಿ ಬಿಚ್ಚಿದ ಕೊಡೆಯನ್ನು ಕುಶಾಲನಗರದಲ್ಲಿ ಮಡಚುತ್ತೇವಲ್ಲ, ಹಾಗೆ. ಆ ಆಚೆ ಬದಿಯ ಬದುಳ್ಳ ಕಡೆಯ ಟೀ ಒಳ್ಳೆಯ ರುಚಿ ಹಿಡಿಯುವುದೇ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಒಣಗಾಳಿಗೆ. ಪೂರ್ವ ಕರಾವಳಿಯ ಟ್ರಿಂಕೋಮಲಿ ಕಡಲಿಗೂ ಅದೇ ಒಳ್ಳೆಯ ಸಮಯ. ನಮಗೆ ತೋಟದಲ್ಲಿ ಕೆಲಸ ಕಮ್ಮಿ ಇರುವ ತಿಂಗಳು ಅವೇ ಅಲ್ವಾ! ನಿಮ್ಮ ಪುಟದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆಗಸ್ಟ್ ಎಂದು ಮೊದಲು ಯೋಚಿಸಿದೆವು. ಆದರೆ ಇಲ್ಲಿ ಗುಡ್ಡ ಜಾರಿದ್ದು 2018ರಲ್ಲೂ ಆಗಸ್ಟ್, 2019ರಲ್ಲೂ ಆಗಸ್ಟ್, 2020ರಲ್ಲಿ ತಲಕಾವೇರಿಯಲ್ಲೂ ಆಗಸ್ಟ್. ಆ ತಿಂಗಳು ಮನೆ ಬಿಟ್ಟು ಹೋಗಲು ಕಾಲು ಬರುವುದಿಲ್ಲ. ಶ್ರೀಲಂಕಾದವರಿಗೂ 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದು ಇದೇ ಗತಿಯಾಯಿತು. ಗುಡ್ಡ ಕುಸಿದು ನೂರಾರು ಜನ ಹೋದರು, ನನ್ನ ಆ ರೈಲಿನ ಹಳಿಗೂ ಪೆಟ್ಟಾಯಿತು. ಬೇರೆ ದೇಶ ನೋಡೋಣ ಎಂದು ಮಗಳು ಹೇಳಿದಳು. 2018ರಲ್ಲಿ ನಮ್ಮ ಮನೆಗೆ ಬರಬೇಕಿದ್ದವರೆಲ್ಲ ಹಾಗೇ ಹೇಳಿ ಮುಂಗಡ ವಾಪಸ್ ಕೇಳಿದ್ದರು. ನಮ್ಮ ಮನೆಯ ಒಂದು ಹೆಂಚೂ ಜಾರಿರಲಿಲ್ಲ. ನಾನು ಮಗಳಿಗೆ ಆಗಲ್ಲ ಎಂದೆ. ರೈಲು ಎಲ್ಲಿವರೆಗೆ ಹೋಗುತ್ತದೋ ಅಲ್ಲಿವರೆಗೆ ಹೋಗುವುದು, ಮುಂದೆ ಬಸ್ಸು.

ಈಗ ಸೆಪ್ಟೆಂಬರ್ ಎಂದು ನಿಶ್ಚಯವಾಗಿದೆ. 3ನೇ ತಾರೀಕಿನ ಕೈಲ್ ಮುಹೂರ್ತ, ನಮ್ಮ ಆಯುಧ ಪೂಜೆಯ ಹಬ್ಬ, ಮುಗಿಸಿ ಹೊರಟು, ಗೌರಿ ಹಬ್ಬದೊಳಗೆ ವಾಪಸ್. ಇಲ್ಲಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಏಳೆಂಟು ಗಂಟೆ, ಅಲ್ಲಿಂದ ಕೊಲಂಬೊಗೆ ಒಂದೂವರೆ ಗಂಟೆ. ನಗಬೇಡಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಯಾವ ಊರಿನ ಬಗ್ಗೆ ಬರೆದರೂ ಒಂದೇ ‘ಒಳ್ಳೆಯ ಕಾಲ’ ಹಾಕಿ ಮುಗಿಸಬೇಡಿ. ಎಲ್ಲರಿಗೂ ರಜ ಸಿಗುವುದು ಕ್ರಿಸ್‌ಮಸ್‌ಗಲ್ಲ. ಎಲ್ಲಿ ಯಾವ ತಿಂಗಳು ಮಳೆ ಎಂದು ಬರೆಯಿರಿ. ಆ ತಿಂಗಳಲ್ಲಿ ಅಲ್ಲಿಯ ಜನಕ್ಕೆ ಏನು ಕೆಲಸ, ಏನು ಹಬ್ಬ ಎನ್ನುವುದನ್ನೂ ಸೇರಿಸಿ. ಏಪ್ರಿಲ್ ನಡುವಿನಲ್ಲಿ, ನಮಗೆ ಬಿಸು ಬರುವಾಗಲೇ, ಸಿಂಹಳೀಯರಿಗೂ ತಮಿಳರಿಗೂ ಹೊಸ ವರ್ಷ. ಅಂಗಡಿ ಮುಚ್ಚಿ ಎಲ್ಲರೂ ಊರಿಗೆ ಹೋಗುತ್ತಾರೆ. ಅವತ್ತು ಹೋಗಿ ಅವರ ಬಾಗಿಲು ತಟ್ಟಲು ನನಗೆ ಮನಸ್ಸಿಲ್ಲ. ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ರಾತ್ರಿ ನಾವು ಗದ್ದೆಯಿಂದ ಕದಿರು ತೆಗೆಯಲು ಹೊರಟು ನಿಂತಾಗ ‘ಆಂಟಿ, ಬಿಸಿನೀರು ಬರ್ತಿಲ್ಲ’ ಎಂದು ಕೂಗಿಸಿಕೊಂಡವಳು ನಾನು.

ಇನ್ನು ಉಳಿದದ್ದು ಮಳೆಪುಸ್ತಕ. ನಮ್ಮ ಮಾವ 1974ರಲ್ಲಿ ಶುರು ಮಾಡಿದ್ದು. ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್) ಬರೆಯಬೇಕು. ಇವರಿಗೆ ಜ್ವರ ಬಂದಾಗಲೂ ತಪ್ಪಿಲ್ಲ. ಎಂಟು ದಿನ ಖಾಲಿ ಬಿಡುವುದು ಹೇಗೆ ಎಂದು ತಿಂಗಳುಗಟ್ಟಲೆ ಇದೇ ರಾಗ. ಕೊನೆಗೆ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಕಲಿಸುತ್ತಿದ್ದಾರೆ. ಮೊನ್ನೆ ರಾತ್ರಿ ಮಳೆಯಾಯಿತು. ಹುಡುಗ ಅಳೆದು 62 ಸೆಂಟ್ ಎಂದ. ಚೆಲ್ಲಬೇಡ ಎಂದು ಇವರು ಕನ್ನಡಕ ತರಲು ಒಳಗೆ ಓಡಿದರು. ಮತ್ತೆ ನೋಡಿದರು. 62.

ಅವತ್ತೇ ಸಂಜೆ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಬಂದೆವು.

ಇತಿ,
ನಿಮ್ಮ ಓದುಗಿ
ನಾಪೋಕ್ಲು, ಕೊಡಗು