ಉಲ್ಲೇಖಗಳ ಎಣಿಕೆ ಮತ್ತು ಮಂಗನ ಕಾಯಿಲೆ

ಮಾನ್ಯ ಸಂಪಾದಕರೇ,

ಆರೋಗ್ಯ ಸಂಶೋಧಕರ ಯೋಗ್ಯತೆಯನ್ನು ಅವರ ಪ್ರಬಂಧಗಳ ಸಂಖ್ಯೆಯಿಂದಲೂ ಅವುಗಳಿಗೆ ದೊರೆತ ಉಲ್ಲೇಖಗಳಿಂದಲೂ (ಇತರ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಅವನ್ನು ಹೆಸರಿಸಿದ ಸಂಖ್ಯೆಯಿಂದ) ಅಳೆಯುವ ಪರಿಪಾಠ ನೇಮಕಾತಿ, ಬಡ್ತಿಗಳಲ್ಲಿ ಬೇರೂರಿದೆ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಮುಂದಿಟ್ಟ ಎಚ್-ಸೂಚ್ಯಂಕದಂತೆ, ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಅಂಕ 20. ಲೆಕ್ಕ ಸರಳವಾದರೂ, ಉಲ್ಲೇಖಿಸಿದ್ದು ಯಾವ ಕಾರಣಕ್ಕೆಂದು ಅದು ಕೇಳುವುದಿಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ, 2010ರಲ್ಲಿ ಹಿಂಪಡೆಯಲಾದ ವೇಕ್‌ಫೀಲ್ಡ್ ತಂಡದ ಪ್ರಬಂಧವನ್ನು ಖಂಡಿಸಲೆಂದೇ ಹೆಸರಿಸಿದವರ ಉಲ್ಲೇಖವೂ ಅದರ ಖಾತೆಗೇ ಜಮೆಯಾಗುತ್ತದೆ!

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಸಕ್ಕರೆಯ ದ್ರಾವಣವನ್ನು (ಓಆರ್‌ಎಸ್) ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ, ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣವನ್ನು ಶೇ 4ಕ್ಕಿಂತ ಕೆಳಗಿಳಿಸಿದರು. ಆ ಅನುಭವ ಪ್ರಬಂಧವಾಗಿ ಅಚ್ಚಾದದ್ದು 1973ರಲ್ಲಿ. ಅಂದಿನಿಂದ ಓಆರ್‌ಎಸ್ ಕುಡಿದು ಬದುಕಿದ ಮಕ್ಕಳಾರೂ ಯಾರನ್ನೂ ಉಲ್ಲೇಖಿಸಿಲ್ಲ.

ನಮ್ಮ ಮಲೆನಾಡಿನದೇ ನಿದರ್ಶನ ಬೇಕಿದ್ದರೆ ಮಂಗನ ಕಾಯಿಲೆಯನ್ನು ನೋಡಬಹುದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣ್ಣೆ ಕಚ್ಚುವುದರಿಂದ ಹರಡುವ ಈ ರೋಗ ಪಶ್ಚಿಮ ಘಟ್ಟದ ಸೆರಗಿಗೇ ಬಹುಮಟ್ಟಿಗೆ ಸೀಮಿತವಾಗಿರುವುದರಿಂದ, ಇದನ್ನು ಅಧ್ಯಯನ ಮಾಡುವವರೂ ಕಡಿಮೆ, ಉಲ್ಲೇಖಿಸುವವರೂ ಕಡಿಮೆ. ಕ್ಯಾನ್ಸರ್ ಸಂಶೋಧಕರ ಅಂಕದೊಡನೆ ಇಂಥವರ ಅಂಕವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆಯ್ಕೆ ಸಮಿತಿಗಳು ಪ್ರತಿ ಅಭ್ಯರ್ಥಿಯಿಂದ ಅತ್ಯುತ್ತಮವೆನಿಸಿದ ಮೂರು ಪ್ರಬಂಧಗಳನ್ನಷ್ಟೇ ಪಡೆದು, ಅವನ್ನು ನಿಜಕ್ಕೂ ಓದುವ ನಿಯಮವನ್ನು ಆರೋಗ್ಯ ವಿಶ್ವವಿದ್ಯಾಲಯಗಳು ರೂಪಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಶಿವಮೊಗ್ಗ