ಕೆಲಸ ಮಾಡುವ ಪ್ರೊಸೆಸರ್ ಗುಜರಿಗೆ ಏಕೆ?

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ, ಅಂದರೆ ಉಚಿತ ಸುರಕ್ಷತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣ ಎಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಇಂಟೆಲ್ ಕಂಪನಿಯದಾದರೆ 8ನೇ ಅಥವಾ ನಂತರದ ತಲೆಮಾರಿನದೇ ಆಗಬೇಕು. 7ನೆಯದರಲ್ಲಿ ಬೆರಳೆಣಿಕೆಯ ಮಾದರಿ ಬಿಟ್ಟರೆ ಉಳಿದವಕ್ಕೆ ಬಾಗಿಲು ಮುಚ್ಚಿದೆ.

ಈ ನಿಯಮ ಸರಿಯಲ್ಲ. 2017ರ, 7ನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಇರುವ ಕಂಪ್ಯೂಟರ್ ಇವತ್ತಿಗೂ ಕನ್ನಡ ಟೈಪಿಂಗ್, ಅಂಗಡಿ ಲೆಕ್ಕ, ಮಕ್ಕಳ ಪಾಠ ಎಲ್ಲವನ್ನೂ ಸಲೀಸಾಗಿ ಮಾಡುತ್ತದೆ. ಅಂಥ ಯಂತ್ರ ನಿಧಾನ ಅನಿಸಿದರೆ ಹೆಚ್ಚಿನ ಸಲ ಕಾರಣ ಹಳೆಯ ಹಾರ್ಡ್ ಡಿಸ್ಕ್, ಪ್ರೊಸೆಸರ್ ಅಲ್ಲ. ಅದರ ಬದಲು ಒಂದು ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿಸಿ ನೋಡಿ, ಗೊತ್ತಾಗುತ್ತದೆ. ಸುರಕ್ಷತೆಗಾಗಿ ಈ ನಿಯಮ ಎನ್ನುತ್ತಾರೆ. ಅದರಲ್ಲಿ ನಿಜವೂ ಇದೆ. ಆದರೆ ಗಟ್ಟಿಮುಟ್ಟಾದ ಯಂತ್ರಗಳು ಇ-ತ್ಯಾಜ್ಯವಾದರೆ ಅದರ ವಿಷ ನಮ್ಮ ಮಣ್ಣಿಗೇ ಸೇರುತ್ತದೆ, ಅಲ್ವಾ?

ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ, ವಿಂಡೋಸ್ ಬದಲು ಬಳಸಬಹುದಾದ ಉಚಿತ ತಂತ್ರಾಂಶ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ನಮ್ಮ ಶಾಲೆ, ಗ್ರಂಥಾಲಯಗಳ ಹಳೆಯ ಕಂಪ್ಯೂಟರ್‌ಗೂ ಅದನ್ನೇ ಹಾಕಬಹುದು. ಯುನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿಯೇ ಮೂಡುತ್ತದೆ. ವಿಂಡೋಸ್‌ಗೆ ಒಗ್ಗಿದವರಿಗೆ ಮೊದಮೊದಲು ತೊಡಕಾಗುತ್ತದೆ, ನಿಜ. ಅವರಿಗೆ ತರಬೇತಿ ಕೊಡಿ. ಹೊಸ ಕಂಪ್ಯೂಟರ್‌ಗೆ ಟೆಂಡರ್ ಕರೆಯುವ ಮೊದಲು ಸರ್ಕಾರ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಮಾಡಿ ನೋಡಲಿ.

– ಒಬ್ಬ ಓದುಗ, ಶಿವಮೊಗ್ಗ