ಪುಟ್ಟಿಗೆ, ಎಕ್ಸ್‌ಎಂಎಲ್ ಓದುವ ಬಗ್ಗೆ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕನ್ನಡ ವಿಕಿಪೀಡಿಯದ ಡಂಪ್ (ಎಲ್ಲ ಪುಟಗಳನ್ನೂ ಟ್ಯಾಗುಗಳ ನಡುವೆ ಇಟ್ಟಿರುವ ದೊಡ್ಡ ಎಕ್ಸ್‌ಎಂಎಲ್ ಫೈಲ್) ಇಳಿಸಿಕೊಂಡು ಲೇಖನಗಳನ್ನು ಬೇರ್ಪಡಿಸಲು ಹೊರಟಿರುವುದು ತಿಳಿದು ಬಹಳ ಸಂತೋಷವಾಯಿತು. ಪ್ರೋಗ್ರಾಂ ಓಡಿಸಿದರೆ ಲ್ಯಾಪ್‌ಟಾಪ್ ಸ್ತಬ್ಧವಾಗುತ್ತದೆ, ಹೆಚ್ಚು ಮೆಮೊರಿ ಹಾಕಿಸಲೇ ಎಂದು ಕೇಳಿದ್ದೀಯೆ. ಆ ಹಣ ಉಳಿಸಿಕೋ. ತೊಂದರೆ ಇರುವುದು ಎಕ್ಸ್‌ಎಂಎಲ್ ಓದಲು ನೀನು ಆರಿಸಿದ ಮಿನಿಡಾಮ್ ಎಂಬ ಪೈಥಾನ್ ಸಾಧನದಲ್ಲಿ.

ಅದು ಫೈಲನ್ನು ಕೊನೆಯವರೆಗೆ ಓದಿ, ಪ್ರತಿ ಟ್ಯಾಗಿಗೂ ಒಂದು ಆಬ್ಜೆಕ್ಟ್ ಕಟ್ಟಿ, ಇಡೀ ಮರವನ್ನು ಮೆಮೊರಿಯಲ್ಲಿ ನಿಲ್ಲಿಸುತ್ತದೆ. ಆ ಮರ ಮೂಲ ಫೈಲಿಗಿಂತ ಹಲವು ಪಟ್ಟು ದೊಡ್ಡದಾಗುತ್ತದೆ. ಚಿಕ್ಕ ಫೈಲಿನಲ್ಲಿ ಮೇಲೆ ಕೆಳಗೆ ಓಡಾಡಿ ಏನನ್ನಾದರೂ ತಿದ್ದಬೇಕಾದರೆ ಮರ ಬೇಕೇ ಬೇಕು. ಡಂಪಿನಲ್ಲಿ ಹಾಗಿಲ್ಲ: ಒಂದೇ ಬೇರಿನ (ಎಲ್ಲವನ್ನೂ ಒಳಗೊಂಡ ಹೊರಗಿನ ಟ್ಯಾಗಿನ) ಕೆಳಗೆ ಸಾವಿರಾರು ಪುಟಗಳು ಸಾಲಾಗಿವೆ, ಒಂದನ್ನು ಓದಿದ ಮೇಲೆ ಅದನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ.

ಹೀಗೆ ಓದುತ್ತಲೇ ಬಿಟ್ಟುಬಿಡುವ ವಿಧಾನಗಳಲ್ಲಿ ಸ್ಯಾಕ್ಸ್ ಹಳೆಯದು. ಎಕ್ಸ್‌ಎಂಎಲ್ ಮಾನದಂಡ ಬಂದ 1998ರಲ್ಲೇ ಅದೂ ಬಂತು. ಮೆಮೊರಿಯಲ್ಲಿ ಬಹಳ ಮಿತವ್ಯಯಿ. ಆದರೆ ಟ್ಯಾಗ್ ತೆರೆಯಿತು, ಪಠ್ಯ ಬಂತು, ಟ್ಯಾಗ್ ಮುಚ್ಚಿತು ಎಂದಷ್ಟೇ ಹೇಳುತ್ತದೆ. ಎಲ್ಲಿದ್ದೇವೆ ಎಂಬ ಲೆಕ್ಕ ನಿನ್ನದೇ. ಒಂದೇ ಲೇಖನದ ಪಠ್ಯ ಹಲವು ತುಂಡುಗಳಾಗಿ ಬರಬಹುದು, ಜೋಡಿಸಿಕೊಳ್ಳದಿದ್ದರೆ ಅರ್ಧ ಕಳೆದುಹೋಗುತ್ತದೆ.

ಆದ್ದರಿಂದ ನಿನಗೆ ನಾನು ಹೇಳುವುದು ಪೈಥಾನಿನ ಎಲಿಮೆಂಟ್‌ಟ್ರೀ ಲೈಬ್ರರಿಯಲ್ಲಿರುವ ಇಟರ್‌ಪಾರ್ಸ್. ಅದು ಮರವನ್ನು ಕಟ್ಟುತ್ತಲೇ, ಟ್ಯಾಗ್ ತೆರೆದದ್ದನ್ನೂ ಮುಚ್ಚಿದ್ದನ್ನೂ ಒಂದೊಂದು ಘಟನೆಯಾಗಿ ತಿಳಿಸುತ್ತದೆ. ಪುಟ ಮುಚ್ಚಿದ ಘಟನೆ ಬಂದಾಗ ಶೀರ್ಷಿಕೆ, ಪಠ್ಯ ತೆಗೆದುಕೊಂಡು ಆ ಪುಟವನ್ನು ಕ್ಲಿಯರ್ ಮಾಡು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಮೆಮೊರಿ ಮಾತ್ರ ಮೆಲ್ಲಗೆ ಏರುತ್ತಲೇ ಇರುತ್ತದೆ. ಏಕೆಂದರೆ ಖಾಲಿಯಾದ ಪುಟಗಳೂ ಬೇರಿಗೆ ಅಂಟಿಕೊಂಡೇ ಇರುತ್ತವೆ. ಮೊದಲ ಆರಂಭ ಘಟನೆಯಲ್ಲೇ ಬೇರನ್ನು ಹಿಡಿದಿಟ್ಟುಕೊಂಡು, ಪ್ರತಿ ಪುಟದ ನಂತರ ಅದನ್ನೂ ಕ್ಲಿಯರ್ ಮಾಡು. ಟ್ಯಾಗುಗಳನ್ನು ಬರಿಯ ಹೆಸರಿನಿಂದ ಹುಡುಕಿದರೆ ಒಂದೂ ಸಿಗುವುದಿಲ್ಲ, ಎಲ್ಲಕ್ಕೂ ನೇಮ್‌ಸ್ಪೇಸ್ ವಿಳಾಸ (ಟ್ಯಾಗ್ ಯಾವ ಗುಂಪಿನದು ಎಂಬ ಗುರುತು) ಅಂಟಿರುತ್ತದೆ. ಅದರ ಆವೃತ್ತಿ ಸಂಖ್ಯೆ ಬದಲಾಗುವುದುಂಟು. ಪ್ರೋಗ್ರಾಮಿನಲ್ಲಿ ಬರೆದಿಡದೆ ಬೇರಿನಿಂದಲೇ ಓದಿಕೋ.

ಡಂಪನ್ನು ಬಿಚ್ಚಿಡುವ ಅಗತ್ಯವೂ ಇಲ್ಲ. ಕುಗ್ಗಿಸಿಟ್ಟ ಆ ಬಿಜೆಡ್2 ಫೈಲನ್ನು ಪೈಥಾನಿನ ಬಿಜೆಡ್2 ಮಾಡ್ಯೂಲಿನಿಂದ ಬೈನರಿಯಾಗಿಯೇ ತೆರೆದು ಪಾರ್ಸರಿಗೆ (ಎಕ್ಸ್‌ಎಂಎಲ್ ಓದಿ ಬಿಡಿಸುವ ಇಟರ್‌ಪಾರ್ಸಿನಂಥ ಸಾಧನಕ್ಕೆ) ಕೊಡು. ಕನ್ನಡದ ಪ್ರತಿ ಯೂನಿಕೋಡ್ ಸಂಕೇತ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಇಡುವ ಪದ್ಧತಿಯಲ್ಲಿ) 3 ಬೈಟ್. ನೀನೇ ತುಂಡು ಮಾಡಿ ಓದಲು ಹೋದರೆ ಅದು ನಡುವೆ ಸೀಳಬಹುದು. ಪಾರ್ಸರ್ ಅದನ್ನು ಸರಿಯಾಗಿ ನೋಡಿಕೊಳ್ಳುತ್ತದೆ.

ಮುಂದೆ ಇಂಗ್ಲಿಷ್ ಡಂಪಿಗೆ ಕೈ ಹಾಕುವುದಾದರೆ ಎಲ್‌ಎಕ್ಸ್‌ಎಂಎಲ್ ಎಂಬ ಪೈಥಾನ್ ಲೈಬ್ರರಿ ಹಾಕಿಕೋ. ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2 ಮೇಲೆ ಕಟ್ಟಿದ್ದು, ಬೇಕಾದ ಟ್ಯಾಗಿನ ಹೆಸರನ್ನು ಇಟರ್‌ಪಾರ್ಸಿಗೇ ಕೊಡಬಹುದು. ಪಾರ್ಸರ್ ಬಿಟ್ಟು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಿಂದ (ಅಕ್ಷರಗಳ ಮಾದರಿ ಹುಡುಕುವ ಸೂತ್ರದಿಂದ) ಟ್ಯಾಗ್ ಹುಡುಕುವ ಆಸೆ ಮಾತ್ರ ಬೇಡ ತಾಯಿ. ಲೇಖನದೊಳಗಿನ ಕೋನಾವರಣಗಳೂ ಆಂಪರ್ಸೆಂಡ್‌ಗಳೂ ಸಂಕೇತರೂಪದಲ್ಲಿರುತ್ತವೆ. ಪಾರ್ಸರ್ ತಾನಾಗಿ ಬಿಡಿಸಿಕೊಡುವ ಅವುಗಳನ್ನು ನೀನು ಒಂದೊಂದಾಗಿ ಬಿಡಿಸಬೇಕಾಗುತ್ತದೆ.

ಮೊದಲು ಸಾವಿರ ಪುಟಗಳಿಗೆ ನಿಲ್ಲಿಸಿ ಮೆಮೊರಿ ನೋಡು, ಆಮೇಲೆ ಹತ್ತು ಸಾವಿರಕ್ಕೆ. ಎರಡೂ ಸಲ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಪೂರ್ತಿ ಓಡಿಸು. ಏರಿದ್ದರೆ ಪ್ರೋಗ್ರಾಂ ಕಳುಹಿಸು, ಕೂತು ನೋಡುತ್ತೇನೆ.

ಇಂತು ನಿನ್ನ,
ಮಾವ